ಫೋಟೊದಿಂದ ನಾನು ಕತ್ತರಿಸಿದ ಪಾದ

ಕಳೆದ ವರ್ಷ ನಮ್ಮ ಪತ್ರಿಕೆಯ ನಾಲ್ಕನೇ ಪುಟದ ಕೆಳಗೆ ನಾಲ್ಕು ಸಾಲಿನ ಸುದ್ದಿಯೊಂದು ಬಂದಿತ್ತು. ಶಿಕಾರಿಪುರದ ಹಿರಿಯ ವರದಿಗಾರರು ಬೈಕಿನಿಂದ ಬಿದ್ದು ಎಡಗಾಲಿಗೆ ಪೆಟ್ಟು ಮಾಡಿಕೊಂಡಿದ್ದಾರೆ, ಶಿವಮೊಗ್ಗದ ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಗಿದೆ, ಚೇತರಿಸಿಕೊಳ್ಳುತ್ತಿದ್ದಾರೆ ಎಂದು. ಆ ವರದಿಗಾರ ನಾನೇ. ಊರು ಸರಿ, ಆಸ್ಪತ್ರೆ ಸರಿ, ಎಡಗಾಲು ಸರಿ, ಚೇತರಿಕೆಯೂ ಸರಿ. ಬೈಕಿನಿಂದ ಬಿದ್ದದ್ದು ಮಾತ್ರ ಸುಳ್ಳು. ನಾನು ಎಲ್ಲಿಂದಲೂ ಬಿದ್ದಿರಲಿಲ್ಲ. ಎಡಗಾಲಿನ ಹೆಬ್ಬೆರಳಿನ ಬುಡದ ಕೀಲು ಸವೆದುಹೋಗಿತ್ತು. ಅದನ್ನು ತೆಗೆದು ಕೃತಕ ಕೀಲು ಕೂರಿಸಿದ್ದರು.

ಇಪ್ಪತ್ತೆಂಟು ವರ್ಷ ಸುದ್ದಿ ಬರೆದಿದ್ದೇನೆ. ತಪ್ಪು ಅಚ್ಚಾದರೆ ತಿದ್ದುಪಡಿ ಹಾಕಿಸುವುದು ಕೆಲಸದ ಮೊದಲ ಪಾಠ. ಇದನ್ನು ತಿದ್ದಿಸಲಿಲ್ಲ, ಏಕೆಂದರೆ ಸುಳ್ಳು ಹೇಳಿದವನು ನಾನೇ. ಯಾಕೆ ಹೇಳಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಕಾಯಿಲೆ ಇದ್ದು, ಇಷ್ಟು ಸಣ್ಣದನ್ನು ಹೇಗೆ ಹೇಳಿಕೊಳ್ಳುವುದು ಎಂದು ಸುಮ್ಮನಿರುವವರು ಇನ್ನೂ ಇರಬಹುದು.

ನೋವು ಮೊದಲು ಗೊತ್ತಾದದ್ದು ಬೈಕಿನ ಗೇರ್ ಹಾಕುವಾಗ. ಎಡಗಾಲಿನ ಬೆರಳಿನಿಂದ ಪೆಡಲ್ ಮೇಲೆತ್ತಿದರೆ ಬುಡದಲ್ಲಿ ಮುಳ್ಳು ಆಡಿಸಿದ ಹಾಗಾಗುತ್ತಿತ್ತು. ಬೂಟಿನ ತಪ್ಪು ಎಂದುಕೊಂಡು ಚಪ್ಪಲಿ ಹಾಕಿದೆ. ಚಪ್ಪಲಿಯಲ್ಲಿ ಹೆಬ್ಬೆರಳು ತೂರಿಸುವ ಉಂಗುಷ್ಟ ಒತ್ತುತ್ತದೆ ಎಂದು ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಅದನ್ನೂ ಬಿಚ್ಚಿಸಿದೆ. ಬೆರಳಿನ ಬುಡದಲ್ಲಿ ಗೋಲಿಯಷ್ಟು ಗಂಟು ಎದ್ದಿತು. ಕುಕ್ಕರುಗಾಲಲ್ಲಿ ಕೂರುವುದು ನಿಂತುಹೋಯಿತು. ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ನೆಲದ ಮೇಲೆ ಕೂತರೆ ಏಳುವಾಗ ಬೆರಳು ಮಡಚಿ ಊರಲೇಬೇಕು. ಹಾಗಾಗಿ ಛತ್ರಕ್ಕೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಟೇಬಲ್ ಎಲ್ಲಿ ಹಾಕಿದ್ದಾರೆ ಎಂದು ಹುಡುಕುತ್ತಿತ್ತು. ಮನುಷ್ಯ ಬೆರಳನ್ನು ಎಷ್ಟು ಸಲ ಮಡಚುತ್ತಾನೆ ಎಂಬುದು ಅದು ಮಡಚದಾದಾಗಲೇ ಗೊತ್ತಾಗುವುದು.

ಇದನ್ನೆಲ್ಲ ಯಾರಿಗೂ ಹೇಳಲಿಲ್ಲ. ನನ್ನ ಹೆಂಡತಿ ಶಾರದಾ ಸೊರಬದ ಹೈಸ್ಕೂಲಿನಲ್ಲಿ ಶಿಕ್ಷಕಿ. ದಿನಾ ಶಿಕಾರಿಪುರದಿಂದ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ನಾನು ಹೊಸಿಲು ದಾಟುವಾಗ ಪಾದವನ್ನು ಅಡ್ಡಡ್ಡ ಇಡುವುದನ್ನು ಅವಳು ಒಂದು ವರ್ಷದಿಂದ ನೋಡುತ್ತಿದ್ದಳು. ಕೇಳಿದಾಗಲೆಲ್ಲ ಏನಿಲ್ಲ ಎನ್ನುತ್ತಿದ್ದೆ. ಕೊನೆಗೆ ಅವಳೇ ಶಿವಮೊಗ್ಗದ ಮೂಳೆ ಡಾಕ್ಟರ ಹತ್ತಿರ ಹೆಸರು ಬರೆಸಿ, ಬುಧವಾರಕ್ಕೆ ರಜೆ ಹಾಕಿದ್ದೇನೆ, ಹೊರಡಿ ಎಂದಳು.

ನಾನು ಹೇಳದಿದ್ದುದಕ್ಕೆ ಕಾರಣವಿತ್ತು. ಅದು ಅವಳಿಗೂ ಗೊತ್ತಿತ್ತು.

ಅದಕ್ಕೆ ಎರಡು ವರ್ಷ ಮೊದಲು ಸೊರಬ ತಾಲ್ಲೂಕಿನ ಮಹಿಳಾ ಗ್ರಾಮ ಆಡಳಿತ ಅಧಿಕಾರಿಯೊಬ್ಬರ ಬಗ್ಗೆ ನಾನು ಒಂದು ವರದಿ ಬರೆದಿದ್ದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಪಹಣಿ ತಿದ್ದುಪಡಿಗೆ ಬಂದ ರೈತರು ಅವರ ಕಚೇರಿಯ ಬೀಗ ನೋಡಿಕೊಂಡು ವಾಪಸ್ ಹೋಗುತ್ತಿದ್ದರು. ಅವರು ಆರು ವಾರ ರಜೆ ಹಾಕಿದ್ದರು. ನಾನು ನಿಯಮದಂತೆ ಫೋನ್ ಮಾಡಿ ಅವರ ಹೇಳಿಕೆ ಕೇಳಿದೆ. ಕಾಲಿನ ಹೆಬ್ಬೆರಳಿನ ಕೀಲಿಗೆ ಆಪರೇಷನ್ ಆಗಿದೆ, ಡಾಕ್ಟರು ರೆಸ್ಟ್ ಹೇಳಿದ್ದಾರೆ ಎಂದರು. ಬೆರಳಿಗಾ ಎಂದು ಕೇಳಿದೆ. ಹೌದು ಸರ್, ಬೆರಳಿಗೇ ಎಂದರು. ಫೋನಿನ ಈ ಕಡೆ ನಾನು ನಕ್ಕಿದ್ದೆ. ಅವರಿಗೆ ಕೇಳಿಸಿತೋ ಇಲ್ಲವೋ ಆಗ ಯೋಚಿಸಲಿಲ್ಲ.

ಆ ಹೇಳಿಕೆಯನ್ನು ಒಂದಕ್ಷರ ಬದಲಿಸದೆ ಹಾಕಿದೆ. "ಕಾಲ್ಬೆರಳ ನೋವಿಗೆ ಆರು ವಾರ ರಜೆ: ಪಹಣಿಗಾಗಿ ರೈತರ ಅಲೆದಾಟ" ಎಂದು ತಲೆಬರಹ ಕೊಟ್ಟೆ. ಬೆರಳಿಗೆ ಆರು ವಾರವೇ ಎಂಬುದು ಸಾರ್ವಜನಿಕರ ಪ್ರಶ್ನೆ ಎಂದು ಮುಗಿಸಿದೆ. ಸಾರ್ವಜನಿಕರಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಅದು ನನ್ನದು. ಜೊತೆಗೆ ಒಂದು ಫೋಟೊ: ರಜೆಯಲ್ಲಿದ್ದ ಅಧಿಕಾರಿ ಸೊರಬದ ಸಂತೆಯಲ್ಲಿ ಹೂವಿನವರ ಮುಂದೆ ನಿಂತಿದ್ದು. ಯಾರೋ ಮೊಬೈಲಿನಲ್ಲಿ ತೆಗೆದು ನನಗೆ ಕಳಿಸಿದ್ದರು. ಒಂದು ಕಾಲಂ ಜಾಗವಿತ್ತು. ಅದಕ್ಕೆ ಹೊಂದುವಂತೆ ನಾನೇ ಕತ್ತರಿಸಿ ಕಳಿಸಿದೆ.

ರೈತರು ಅಲೆದದ್ದು ನಿಜ. ಅಧಿಕಾರಿ ರಜೆ ಹೋದರೆ ಬದಲಿ ವ್ಯವಸ್ಥೆ ಮಾಡಬೇಕಾದವರು ಮೇಲಿನವರು. ಅದನ್ನು ಬರೆಯಬಹುದಿತ್ತು. ಅದು ಯಾರೂ ಪೂರ್ತಿ ಓದದ ಸುದ್ದಿಯಾಗುತ್ತಿತ್ತು. ಬೆರಳನ್ನು ಎಲ್ಲರೂ ಓದಿದರು. ವಾಟ್ಸಾಪಿನಲ್ಲಿ ಎರಡು ತಾಲ್ಲೂಕು ತಿರುಗಿತು. ಆಪರೇಷನ್ ಆದದ್ದು ನಿಜವಂತಲ್ರೀ ಎಂದು ಆಗ ಶಾರದಾ ಹೇಳಿದ್ದಳು. ಆಗಿದ್ದರೆ ದಾಖಲೆ ಕೊಡಲಿ, ಹಾಕೋಣ ಎಂದು ಉತ್ತರ ಕೊಟ್ಟಿದ್ದೆ.

ಈಗ ಅದೇ ಬೆರಳು, ಅದೇ ಕೀಲು. ನಾನು ಯಾರಿಗೆ ಹೇಳಲಿ?

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಮೊದಲ ದಿನ ನಮ್ಮ ಪಕ್ಕದಲ್ಲಿ ಉಡುತಡಿಯ ರೈತರೊಬ್ಬರು ಕೂತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಎರಡೂ ಮಂಡಿ ಬಿಲ್ಲಿನಂತೆ ಹೊರಕ್ಕೆ ಬಾಗಿದ್ದವು. ಎದುರಿಗೆ ಸೊಂಟ ಮುರಿದುಕೊಂಡ ಅಜ್ಜಿ ಸ್ಟ್ರೆಚರಿನ ಮೇಲೆ ಮಲಗಿದ್ದರು. ಗೋಡೆಯ ಹತ್ತಿರ ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡ ಒಬ್ಬರು. ಅಷ್ಟು ಜನರ ನಡುವೆ ನನ್ನ ಪಾದ ಹೊರಗಿನಿಂದ ಏನೂ ಆಗದ ಪಾದದ ಹಾಗೇ ಇತ್ತು.

"ನಂದು ಮಣಕಾಲ್ರೀ. ನಿಮ್ದು?" ರೈತರು ಕೇಳಿದರು.

ಪಾದ ಎಂದೆ.

"ಪಾದಕ್ಕ ಏನಾತ್ರೀ?"

"ಬೈಕಿಂದ ಬಿದ್ದೆ," ಎಂದೆ.

ಅದು ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ. ಅವರು ಅಯ್ಯೋ ಪಾಪ ಎಂದು ತಮ್ಮ ಕೈಚೀಲವನ್ನು ನೆಲದಿಂದ ಎತ್ತಿ ನನ್ನ ಕಾಲಿನ ಕೆಳಗೆ ಇಟ್ಟರು, ಎತ್ತರಕ್ಕೆ ಇಟ್ಟುಕೊಳ್ರೀ, ಬಾವು ಇಳಿತೈತಿ ಎಂದರು. ಅವರ ಬಟ್ಟೆಬರೆ ಇದ್ದ ಚೀಲ. ಅದರ ಮೇಲೆ ಕಾಲಿಟ್ಟುಕೊಂಡು ಮುಕ್ಕಾಲು ಗಂಟೆ ಕೂತೆ. ಶಾರದಾ ಎದುರಿನ ಗೋಡೆಯ ಮೇಲಿದ್ದ ಎಲುಬಿನ ಚಿತ್ರವನ್ನು ನೋಡುತ್ತಿದ್ದಳು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎರಡು ಎಲುಬಿನ ನಡುವೆ ಇರಬೇಕಾದ ಸಂದು ಇಲ್ಲವೇ ಇಲ್ಲ ಎಂದು ತೋರಿಸಿದರು. ದಾರಿ ಎರಡು. ಕೀಲನ್ನು ಬೆಸೆದುಬಿಟ್ಟರೆ ನೋವು ಹೋಗುತ್ತದೆ, ಬೆರಳು ಇನ್ನು ಬಗ್ಗುವುದಿಲ್ಲ. ಕೃತಕ ಕೀಲು ಹಾಕಿದರೆ ಬಗ್ಗುತ್ತದೆ, ಆದರೆ ವ್ಯಾಯಾಮ ಬಿಡದೆ ಮಾಡಬೇಕು. ನೆಲದ ಮೇಲೆ ಕೂತೇಳುವ ಜನ ನಾವು, ಬಗ್ಗುವುದೇ ಇರಲಿ ಎಂದೆ. ಎಷ್ಟು ದಿನ ರಜೆ ಬೇಕಾಗುತ್ತದೆ ಎಂದು ಶಾರದಾ ಕೇಳಿದಳು. ಆರು ವಾರ ಎಂದರು ಡಾಕ್ಟರು.

"ಬೆರಳಿಗೆ ಆರು ವಾರವೇ?" ಎಂದುಬಿಟ್ಟೆ.

ಅಚ್ಚಾದ ನನ್ನ ವಾಕ್ಯ ನನ್ನ ಬಾಯಿಂದಲೇ ಹೊರಬಂದಿತ್ತು. ಡಾಕ್ಟರಿಗೆ ಅದು ಗೊತ್ತಿಲ್ಲ. ಎಲ್ಲರೂ ಹಾಗೇ ಕೇಳುತ್ತಾರೆ ಎಂದು ನಕ್ಕರು. ಹೆಜ್ಜೆ ಎತ್ತುವಾಗ ಮೈಯ ಭಾರ ಕೊನೆಗೆ ನಿಲ್ಲುವುದು ಇದೇ ಕೀಲಿನ ಮೇಲೆ ಎಂದರು. ಯಾರೆಂದು ಹೇಳದೆ, ನಿಮ್ಮ ಕಡೆಯವರೇ ಒಬ್ಬರು ಮೂರನೇ ವಾರಕ್ಕೇ ಕೆಲಸಕ್ಕೆ ಹೋದರು, ಹೊಲ ಗದ್ದೆ ತಿರುಗಿದರು, ಗಾಯ ಬಿಟ್ಟುಕೊಂಡು ಕೀವಾಯಿತು, ವ್ಯಾಯಾಮ ನಿಲ್ಲಿಸಬೇಕಾಯಿತು, ಬೆರಳು ಮರದ ಹಾಗಾಯಿತು, ನೀವು ಹಾಗೆ ಮಾಡಬೇಡಿ ಎಂದರು. ಯಾಕೆ ಹೋದರು ಎಂದು ನಾನು ಕೇಳಬೇಕಿತ್ತು. ಯಾಕೆ ಎಂದು ಕೇಳುವುದೇ ನನ್ನ ವೃತ್ತಿ. ಕೇಳಲಿಲ್ಲ. ಶಾರದಾ ನನ್ನ ಕಡೆ ಒಮ್ಮೆ ನೋಡಿ, ದಿನಾಂಕ ಗೊತ್ತು ಮಾಡಿಸಿದಳು.

ಆಪರೇಷನ್ ದಿನ ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದರು. ಎಚ್ಚರ ಇತ್ತು. ಎದೆಯ ಮುಂದೆ ಹಸಿರು ಬಟ್ಟೆಯ ಪರದೆ. ಅದರಾಚೆ ಯಾರದೋ ಕಾಲಿನಲ್ಲಿ ಬಡಗಿ ಕೆಲಸ ನಡೆಯುತ್ತಿರುವ ಹಾಗೆ ಸದ್ದು. ನರ್ಸ್ ಒಬ್ಬರು ತಲೆಯ ಹತ್ತಿರ ನಿಂತು ನನ್ನ ಬೆವರು ಒರೆಸುತ್ತಿದ್ದರು. ಹೆದರಿಕೆ ಆಗ್ತಿದೆಯಾ ಎಂದು ಕೇಳಿದರು. ಇಲ್ಲ ಎಂದೆ. ಆಗುತ್ತಿತ್ತು. ಅವರು ಕೈಯನ್ನು ಹಣೆಯ ಮೇಲೆಯೇ ಇಟ್ಟರು, ತೆಗೆಯಲಿಲ್ಲ. ಬೆರಳಿನ ಆಪರೇಷನ್ನಿಗೆ ಇಷ್ಟೊಂದು ಹೆದರುವವನು ಎಂದು ಅವರ ಮುಖದಲ್ಲಿ ಎಲ್ಲೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಒಂದು ಚಪ್ಪಲಿ ತಂದು ಹಾಕಿದರು. ಕಪ್ಪು, ದಪ್ಪ ಅಟ್ಟೆ, ಮೇಲೆ ಅಗಲವಾದ ಎರಡು ಪಟ್ಟಿ. ಹಿಮ್ಮಡಿಯ ಕೆಳಗೆ ಮಾತ್ರ ಎತ್ತರ, ಮುಂದಿನ ಭಾಗ ನೆಲಕ್ಕೆ ತಾಗುವುದಿಲ್ಲ. ಬೆರಳಿಗೆ ಭಾರ ಬೀಳಬಾರದೆಂದು ಹಾಗೆ ಮಾಡಿರುತ್ತಾರೆ. ಇದನ್ನು ಹಾಕಿಕೊಂಡು ಹಿಮ್ಮಡಿ ಮೇಲೆ ದಿನಕ್ಕೊಂದಿಷ್ಟು ನಡೆಯಬೇಕು, ಸುಮ್ಮನೆ ಮಲಗಿದರೆ ರಕ್ತ ಹೆಪ್ಪುಗಟ್ಟುತ್ತದೆ ಎಂದರು. ಆ ಚಪ್ಪಲಿಯನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು.

ಶಾರದಾ ಕ್ಯಾಂಟೀನಿಗೆ ಹೋದಾಗ ಮೊಬೈಲಿನಲ್ಲಿ ಹಳೆಯ ಫೋಟೊಗಳನ್ನು ಹುಡುಕಿದೆ. ನಾನು ಯಾವ ಫೋಟೊವನ್ನೂ ಅಳಿಸುವುದಿಲ್ಲ. ಯಾರಾದರೂ ತಕರಾರು ತೆಗೆದರೆ ಮೂಲ ಇರಬೇಕು. ಸೊರಬದ ಸಂತೆಯ ಫೋಟೊ ಸಿಕ್ಕಿತು, ಕತ್ತರಿಸದೆ ಇದ್ದದ್ದು. ಹೂವಿನ ಬುಟ್ಟಿ, ಅದರ ಮುಂದೆ ಆ ಅಧಿಕಾರಿ, ಮೊಣಕೈ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ ಮಗಳು. ಬಲಗಾಲಿನಲ್ಲಿ ಮಾಮೂಲಿ ಚಪ್ಪಲಿ. ಎಡಗಾಲಿನಲ್ಲಿ ಇದೇ ಕಪ್ಪು ಚಪ್ಪಲಿ, ಅದರೊಳಗೆ ಬಿಳಿ ಬ್ಯಾಂಡೇಜು. ಪತ್ರಿಕೆಯಲ್ಲಿ ಬಂದದ್ದು ಸೊಂಟದ ಮೇಲಿನ ಭಾಗ ಮಾತ್ರ. ಬದಿಯನ್ನೂ ಕತ್ತರಿಸಿದ್ದೆ, ಮಗಳ ಕೈಯೂ ಇರಲಿಲ್ಲ.

ಕಾಯಿಲೆ ಸುಳ್ಳು ಎನ್ನುವುದಕ್ಕೆ ನಾನು ಕೊಟ್ಟ ಸಾಕ್ಷಿಯಲ್ಲೇ ಕಾಯಿಲೆ ನಿಜ ಎಂಬ ಸಾಕ್ಷಿ ಇತ್ತು.

ಆ ಹೊತ್ತಿಗೆ ಸರಿಯಾಗಿ ಕಚೇರಿಯಿಂದ ಫೋನ್ ಬಂತು, ಏನಾಯ್ತು ಸರ್ ಎಂದು. ಆಗಲಾದರೂ ಹೇಳಬಹುದಿತ್ತು. ಮೊಬೈಲಿನಲ್ಲಿ ಇನ್ನೂ ಆ ಫೋಟೊ ತೆರೆದೇ ಇತ್ತು. ಬೈಕು ಎಂದೆ. ಮರುದಿನದ ನಾಲ್ಕು ಸಾಲು ಹಾಗೆ ಬಂದದ್ದು.

ಮನೆಗೆ ಬಂದ ಮೇಲೆ ಫೋನುಗಳು ಬಂದವು, ಜನ ಬಂದರು. ಹಣ್ಣು ತಂದರು, ಊರಿನ ರಸ್ತೆಯ ಗುಂಡಿಗಳನ್ನು ಬೈದರು. ಒಬ್ಬರು ಗುಂಡಿ ಮುಚ್ಚಿಸಲು ಮನವಿ ಕೊಡೋಣ, ಸಹಿ ಹಾಕಿ ಎಂದರು. ಹಾಕಲಿಲ್ಲ ಎಂಬುದೊಂದೇ ಆ ದಿನಗಳಲ್ಲಿ ನಾನು ಮಾಡಿದ ನೆಟ್ಟಗಿನ ಕೆಲಸ. ನಿಜ ಗೊತ್ತಿದ್ದದ್ದು ಮನೆಯವರಿಗೆ ಮಾತ್ರ. ಜಡೆ ಗ್ರಾಮದಿಂದ ಶಾರದಾಳ ತಮ್ಮ ಮಲ್ಲೇಶಿ ಬಂದವನು ದಿಂಬಿನ ಮೇಲಿದ್ದ ನನ್ನ ಪಾದವನ್ನು ಆ ಕಡೆ ಈ ಕಡೆಯಿಂದ ನೋಡಿ, "ಎಂತ ಭಾವ, ಊರೆಲ್ಲ ಬೈಕು ಅಂತಿದೆ, ಬೈಕಿಗೆ ಒಂದು ಗೆರೆನೂ ಬಿದ್ದಿಲ್ವಲ್ಲ. ಅದನ್ನಾದ್ರೂ ಒಂಚೂರು ಕೆಡವಿ ಇಡ್ಲಾ?" ಎಂದ. ಅವನು ತಮಾಷೆಗೆ ಹೇಳಿದ. ಶಾರದಾ ನಗಲಿಲ್ಲ.

ವ್ಯಾಯಾಮ ಸುಲಭದ್ದಲ್ಲ. ಬೆರಳನ್ನು ಕೈಯಿಂದ ಹಿಡಿದು ಮೇಲಕ್ಕೆ ಎತ್ತಬೇಕು, ಕೆಳಕ್ಕೆ ಬಗ್ಗಿಸಬೇಕು. ಮೊದಲ ದಿನಗಳಲ್ಲಿ ಅಷ್ಟಕ್ಕೇ ಕಣ್ಣಲ್ಲಿ ನೀರು ಬರುತ್ತಿತ್ತು. ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ನಾಲ್ಕನೇ ವಾರ ಒಂದು ಸಂಜೆ, ನನ್ನಿಂದಾಗುವುದಿಲ್ಲ, ಹೇಗಿದೆಯೋ ಹಾಗಿರಲಿ ಎಂದೆ. ಶಾಲೆಯಿಂದ ಬಂದು ಇನ್ನೂ ಬ್ಯಾಗು ಇಳಿಸದೆ ನಿಂತಿದ್ದ ಶಾರದಾ ಆಗ ಹೇಳಿದಳು:

"ಆ ಅಧಿಕಾರಿ ಮಗಳು ನನ್ನ ಕ್ಲಾಸಲ್ಲೇ ಇದ್ದಿದ್ದು. ಪೇಪರ್ ಬಂದ ಮೇಲೆ ಹುಡುಗ್ರು ಅವಳಿಗೆ ಬೆರಳು ಅಂತ ಹೆಸರಿಟ್ಟಿದ್ರು. ಹಾಜರಿ ಕರೆಯುವಾಗ ಹಿಂದಿನ ಬೆಂಚಿಂದ ಬೆರಳು ಬೆರಳು ಅಂತಿದ್ರು. ಮೂರು ತಿಂಗಳು ಸುಮ್ಮನಿರಿಸಿದೀನಿ. ನಾನು ಯಾರ ಹೆಂಡತಿ ಅಂತ ಆ ಹುಡುಗಿಗೆ ಗೊತ್ತಿತ್ತು. ಒಂದಿನಾನೂ ನನ್ನ ಎದುರು ಅದನ್ನ ಎತ್ತಲಿಲ್ಲ."

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ದಾಖಲೆ ಕೇಳ್ತಿದ್ರಿ," ಎಂದಳು.

ಮುಂದಿನ ಭಾನುವಾರ ಮಲ್ಲೇಶಿ ಕಾರು ತಂದ. ಸೊರಬಕ್ಕೆ, ಆ ಅಧಿಕಾರಿಯ ಮನೆಯವರೆಗೆ, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿದೆ. ಎಲ್ಲವೂ ಪತ್ರಿಕೆಯ ವಿಷಾದದ ಸಾಲಿನ ಹಾಗೆ ಬರುತ್ತಿದ್ದವು: ಪ್ರಮಾದವಶಾತ್, ಕಣ್ತಪ್ಪಿನಿಂದ. ಆ ಪದಗಳನ್ನು ನಾನು ಎಷ್ಟು ಜನರಿಗೆ ಬರೆದುಕೊಟ್ಟಿದ್ದೇನೋ.

ಅವರ ಮನೆ ಮುಂದೆ ಮೂರು ಮೆಟ್ಟಿಲು. ಶಾರದಾ ಮೊದಲೇ ಫೋನ್ ಮಾಡಿದ್ದಳು, ನಾನೂ ಬರುತ್ತೇನೆ ಎಂದೂ ಹೇಳಿದ್ದಳು. ಬಾಗಿಲು ತೆಗೆದ ಅಧಿಕಾರಿ, ಬನ್ನಿ ಟೀಚರ್ ಎಂದು ಅವಳನ್ನು ಕರೆದು, ಆಮೇಲೆ ನನ್ನ ಮುಖ ನೋಡದೆ ಪಾದ ನೋಡಿದರು.

"ಮೆಟ್ಲು ಅದಾವೆ ಸರ್. ಬಲಗಾಲು ಮೊದ್ಲು ಇಡಿ. ಇದನ್ನ ಹಿಮ್ಮಡಿ ಮೇಲೆ ತಗಳಿ."

ನಾನು ಹಾಗೇ ಹತ್ತಿದೆ. ಕುರ್ಚಿ ಕೊಟ್ಟರು, ಕಾಲಿಡಲು ಒಂದು ಸ್ಟೂಲನ್ನೂ ತಂದಿಟ್ಟರು. ಬೈಕಿನಿಂದ ಬಿದ್ದದ್ದಲ್ಲ ಮೇಡಂ ಎಂದೆ. ಗೊತ್ತು ಸರ್, ಬಿದ್ದೋರಿಗೆ ಈ ಚಪ್ಪಲಿ ಕೊಡಲ್ಲ ಎಂದರು. ಜೋಡಿಸಿಕೊಂಡು ಬಂದಿದ್ದ ವಾಕ್ಯಗಳು ಒಂದೂ ನೆನಪಿಗೆ ಬರಲಿಲ್ಲ. ಮೊಬೈಲ್ ತೆಗೆದು ಪೂರ್ತಿ ಫೋಟೊ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮಗಳ ಕೈ ಇದ್ದ ಜಾಗವನ್ನು ದೊಡ್ಡದು ಮಾಡಿ ನೋಡಿದರು.

"ಇದ್ರಲ್ಲಿ ಕಾಲು ಇದೆಯಲ್ಲ ಸರ್."

ಹೌದು, ಕತ್ತರಿಸಿದವನು ನಾನು ಎಂದೆ.

"ನೋಡಿ ಕತ್ತರಿಸಿದ್ರಾ, ನೋಡ್ದೆ ಕತ್ತರಿಸಿದ್ರಾ?"

ಇಪ್ಪತ್ತೆಂಟು ವರ್ಷದಲ್ಲಿ ನಾನು ಯಾರಿಗೂ ಇಷ್ಟು ನೇರವಾದ ಪ್ರಶ್ನೆ ಹಾಕಿಲ್ಲ. ನೋಡಲಿಲ್ಲ ಎಂದರೆ ಮುಗಿಯುತ್ತಿತ್ತು. ಆಸ್ಪತ್ರೆಯಿಂದ ಈ ಕಡೆ ನಾನು ನನಗೇ ಹೇಳಿಕೊಳ್ಳುತ್ತಿದ್ದದ್ದೂ ಅದನ್ನೇ. ಆದರೆ ಫೋಟೊ ಕತ್ತರಿಸುವುದು ಹೇಗೆಂದು ನನಗೆ ಗೊತ್ತು. ಚೌಕಟ್ಟಿನ ಕೆಳಗಿನ ಗೆರೆಯನ್ನು ಬೆರಳಿನಿಂದ ಮೇಲಕ್ಕೆ ಎಳೆಯಬೇಕು. ಎಳೆಯುವಾಗ ಕಣ್ಣು ಆ ಗೆರೆಯ ಮೇಲೇ ಇರುತ್ತದೆ. ಯಾವುದು ಹೋಗುತ್ತಿದೆ ಎಂದು ಕಾಣುತ್ತಲೇ ಹೋಗುತ್ತದೆ.

"ಕಂಡಿರಬೇಕು ಮೇಡಂ," ಎಂದೆ.

ಶಾರದಾ ತಲೆ ತಗ್ಗಿಸಿದಳು. ಅವರು ಮೊಬೈಲನ್ನು ನನ್ನ ಕೈಗೆ ವಾಪಸ್ ಕೊಟ್ಟರು.

"ನಂಗೂ ಹಂಗೇ ಅನ್ಸಿತ್ತು," ಎಂದರು.

ತಿದ್ದುಪಡಿ ಹಾಕಿಸುತ್ತೇನೆ, ಅದೇ ಪುಟದಲ್ಲಿ, ಈ ಫೋಟೊ ಸಮೇತ ಎಂದೆ. ಬೇಡ ಎಂದರು. ಮೇಲಿನವರು ವಿವರಣೆ ಕೇಳಿದ್ದು, ಬರೆದುಕೊಟ್ಟಿದ್ದು, ಮೂರನೇ ವಾರಕ್ಕೆ ಕೆಲಸಕ್ಕೆ ಹೋದದ್ದು, ಸರ್ವೆಗೆ ಗದ್ದೆ ಬದುವಿನ ಮೇಲೆ ನಿಂತದ್ದು, ಎಲ್ಲ ಮುಗಿದಿದೆ. ಮಗಳು ಈಗ ಕಾಲೇಜಿಗೆ ಹೋಗುತ್ತಿದ್ದಾಳೆ, ಅಲ್ಲಿ ಅವಳನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. "ನನ್ನ ಹೆಸರು ಇನ್ನೊಂದು ಸಲ ಪೇಪರಲ್ಲಿ ಬೇಡ ಸರ್, ಒಳ್ಳೇದಕ್ಕೂ ಬೇಡ. ಬರೀಲೇಬೇಕು ಅಂದ್ರೆ ನಿಮ್ಮದು ಬರೀರಿ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ.

ಹೊರಡಲು ಎದ್ದಾಗ, ಎಷ್ಟನೇ ವಾರ ಎಂದು ಕೇಳಿದರು. ಐದು ಎಂದೆ. ಬೆರಳು ಎತ್ತಿ, ನೋಡನ ಎಂದರು. ಚಪ್ಪಲಿಯ ಪಟ್ಟಿ ಬಿಚ್ಚಿ ಎತ್ತಿದೆ. ಒಂದಿಷ್ಟು ಎದ್ದಿತು. ಸಾಲದು ಎಂದು ಅವರು ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು, ತಮ್ಮ ಎಡಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು, ಎಲ್ಲಿ ಹಿಡಿಯಬೇಕು, ಎಲ್ಲಿಂದ ಎಳೆಯಬೇಕು, ಎಷ್ಟು ಎಣಿಸುವವರೆಗೆ ಬಿಡಬಾರದು ಎಂದು ತೋರಿಸಿದರು. ಗಂಟೆಗೆ ಹತ್ತು ಸಲ. ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು ಮಾಡಿದರೆ ನೋವು ಕಡಿಮೆ. ಅವರ ಕೈ ಎಳೆಯುತ್ತಿತ್ತು, ಬೆರಳು ಅಲುಗುತ್ತಿರಲಿಲ್ಲ.

"ನಂದು ಇಷ್ಟೇ ಸರ್, ಏಳಲ್ಲ. ಟೈಮ್ ಮೀರಿತು. ನೀವು ಬಿಡ್ಬೇಡಿ."

ನಾನು ಬಿಡಲಿಲ್ಲ. ಗಂಟೆಗೆ ಹತ್ತು ಸಲ, ಮೂರು ತಿಂಗಳು. ಬಾವು ಇಳಿಯಲು ಇನ್ನೂ ಎರಡು ತಿಂಗಳು ಹಿಡಿಯಿತು. ಮಧ್ಯದಲ್ಲಿ ಕಚೇರಿಗೆ ಫೋನ್ ಮಾಡಿ, ನನ್ನ ಅಪಘಾತದ ಸುದ್ದಿಗೆ ತಿದ್ದುಪಡಿ ಹಾಕಿ ಎಂದೆ. ಡೆಸ್ಕಿನವರು ನಕ್ಕು, ಅಷ್ಟು ಸಣ್ಣದಕ್ಕೆ ಯಾರು ಸರ್ ತಿದ್ದುಪಡಿ ಹಾಕ್ತಾರೆ ಎಂದರು. ಆದ್ದರಿಂದ ಇಲ್ಲಿ ಹಾಕುತ್ತಿದ್ದೇನೆ: ನಾನು ಬೈಕಿನಿಂದ ಬಿದ್ದಿರಲಿಲ್ಲ. ನನಗಾದದ್ದು ಕಾಲಿನ ಹೆಬ್ಬೆರಳಿನ ಸಂಧಿವಾತ. ಅದಕ್ಕೆ ಆರು ವಾರ ರಜೆ ಬೇಕು. ನಾನು ಆರು ವಾರವನ್ನೂ ತೆಗೆದುಕೊಂಡೆ, ಯಾರೂ ಪ್ರಶ್ನಿಸಲಿಲ್ಲ.

ಮೊನ್ನೆ ಜಡೆಯಲ್ಲಿ ಮಲ್ಲೇಶಿಯ ಹೊಸ ಮನೆಯ ಗೃಹಪ್ರವೇಶ. ಪಂಕ್ತಿಯಲ್ಲಿ ನೆಲದ ಮೇಲೆ ಕೂತು ಉಂಡೆ. ಏಳುವಾಗ ಎಡಗಾಲಿನ ಬೆರಳು ಮಡಚಿ ಊರಿ, ಯಾರ ಕೈಯನ್ನೂ ಹಿಡಿಯದೆ ಎದ್ದೆ. ಗೋಡೆಯ ಬದಿಗೆ, ನೆಲದ ಮೇಲೆ ಕೂರಲಾಗದವರಿಗೆಂದು ನಾಲ್ಕು ಟೇಬಲ್ ಹಾಕಿದ್ದರು. ಶಾರದಾ ಕರೆದಿದ್ದಳೆಂದು ಕಾಣುತ್ತದೆ, ಆ ಅಧಿಕಾರಿ ಅಲ್ಲಿ ಕೂತಿದ್ದರು, ಎಡಗಾಲು ಮುಂದಕ್ಕೆ ಚಾಚಿಕೊಂಡು. ನಾನು ಏಳುವುದನ್ನು ಅವರು ನೋಡುತ್ತಿದ್ದರು. ಕಣ್ಣು ಸೇರಿದಾಗ ನಗಲಿಲ್ಲ. ಎಡಗೈಯನ್ನು ಎಲೆಯ ಪಕ್ಕದಲ್ಲಿ ಸ್ವಲ್ಪ ಎತ್ತಿ, ಅದರ ಹೆಬ್ಬೆರಳನ್ನು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಬಗ್ಗಿಸಿ ತೋರಿಸಿದರು. ಮಾಡುತ್ತಿದ್ದೀರಾ ಎಂದು.

ಹೌದು ಎಂದು ತಲೆಯಾಡಿಸಿದೆ. ಅವರು ಮತ್ತೆ ಊಟಕ್ಕೆ ಬಾಗಿದರು.